ಮೀನು ನೀರು ಕುಡಿಯುತ್ತದೆಯೇ?

1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಒಂದು ಸೊಗಸಾದ ಮಾತಿದೆ: ನೀರಿನೊಳಗೆ ಚಲಿಸುವ ಮೀನು ನೀರು ಕುಡಿಯುವುದನ್ನು ಹೇಗೆ ಅರಿಯಲಾಗದೋ, ಹಾಗೆಯೇ ಅಧಿಕಾರದಲ್ಲಿರುವವನು ಹಣ ಕಬಳಿಸುವುದನ್ನೂ ಅರಿಯಲಾಗದು. ಅಧಿಕಾರಿಗಳ ವಿಷಯ ಹಾಗಿರಲಿ. ಮೀನಿನ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಕನ್ನಂಬಾಡಿ ಕಟ್ಟೆಯ ಹಿನ್ನೀರಿನ ಕಾಟ್ಲಾ, ರೋಹು ಕುಡಿಯುವುದು ಅತ್ಯಲ್ಪ. ಕಡಲಿನ ಬಂಗುಡೆಯಾದರೋ ಉಪ್ಪುನೀರನ್ನು ಕುಡಿಯುತ್ತಲೇ ಇರಬೇಕು.

ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ಕಡ್ಲೆಪುರಿ ಎರಚಿದಾಗ ಮುತ್ತಿಕೊಳ್ಳುವ ಮೀನುಗಳು ಬಾಯಿ ತೆರೆದು ಮುಚ್ಚುವುದನ್ನು ಕಂಡು, ಅವು ಸದಾ ನೀರು ಕುಡಿಯುತ್ತಿವೆ ಎಂದು ನಂಬುವವರು ಬಹಳ. ಅದು ಬರಿಯ ಉಸಿರಾಟ: ಬಾಯಿಂದ ಹೊಕ್ಕ ನೀರು ಗಂಟಲಿಗಿಳಿಯದೆ, ಕಿವಿರುಗಳ ಕೆಂಪು ಎಸಳುಗಳ ನಡುವೆ ಹಾದು ಹೊರಬೀಳುತ್ತದೆ. ತೊಡಕು ಹುಟ್ಟುವುದೂ ಅಲ್ಲಿಯೇ, ಏಕೆಂದರೆ ಆಮ್ಲಜನಕವನ್ನು ಒಳಬಿಡುವಷ್ಟು ತೆಳುವಾದ ಪೊರೆ ನೀರನ್ನಾಗಲಿ ಲವಣವನ್ನಾಗಲಿ ಪೂರ್ತಿ ತಡೆಯಲಾರದು. ಹೊಳೆಯವಾಗಲಿ ಕಡಲಿನವಾಗಲಿ, ಈ ಮೀನುಗಳ ರಕ್ತದ ಲವಣಾಂಶ ಕಡಲನೀರಿನದರ ಸುಮಾರು ಮೂರನೇ ಒಂದು ಪಾಲು. ಕಾವೇರಿಯ ನೀರಿಗಿಂತ ಎಷ್ಟೋ ಹೆಚ್ಚು. ಆದ್ದರಿಂದ ಅಭಿಸರಣೆಯ ಮೂಲಕ, ಅಂದರೆ ತೆಳುಪೊರೆಯನ್ನು ದಾಟಿ ಲವಣ ಕಡಿಮೆಯಿರುವ ಕಡೆಯಿಂದ ಹೆಚ್ಚಿರುವ ಕಡೆಗೆ ನೀರು ಸರಿಯುವುದರಿಂದ, ಹೊಳೆಮೀನಿನೊಳಕ್ಕೆ ನೀರು ನುಗ್ಗುತ್ತಲೇ ಇರುತ್ತದೆ. ಒಸರುವ ಹರಿಗೋಲಿನ ಅಂಬಿಗ ನೀರು ಮೊಗೆದು ಚೆಲ್ಲುವಂತೆ, ಅದರ ಮೂತ್ರಪಿಂಡ ತೆಳ್ಳನೆಯ ಮೂತ್ರವನ್ನು ಧಾರಾಳವಾಗಿ ಹೊರಹಾಕುತ್ತದೆ. ಕಡಲಮೀನಿನ ಪಾಡು ತದ್ವಿರುದ್ಧ: ಸುತ್ತ ನೀರಿದ್ದೂ ದೇಹದ ನೀರು ಸೋರಿಹೋಗುತ್ತಿರುತ್ತದೆ.

ಅದು ಕುಡಿದೇ ಬದುಕುತ್ತದೆ ಎಂಬುದನ್ನು 1930ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಶರೀರಕ್ರಿಯಾ ವಿಜ್ಞಾನಿ ಹೋಮರ್ ಸ್ಮಿತ್. ಕರುಳು ಹೀರಿಕೊಳ್ಳದ ಫೀನಾಲ್ ರೆಡ್ ಎಂಬ ಬಣ್ಣವನ್ನು ಅವರು ಕಡಲನೀರಿಗೆ ಬೆರೆಸಿದರು. ಮೀನು ಕುಡಿದ ನೀರು ರಕ್ತಕ್ಕೆ ಸೇರಿತು, ಬಣ್ಣ ಮಾತ್ರ ಕರುಳಿನಲ್ಲಿ ಗಾಢವಾಗುತ್ತ ಉಳಿಯಿತು. ನೀರಿನೊಡನೆ ಒಳಸೇರಿದ ಉಪ್ಪು ಎಲ್ಲಿಗೆ ಹೋಗಬೇಕು? ರಕ್ತಕ್ಕಿಂತ ಸಾಂದ್ರವಾದ ಮೂತ್ರವನ್ನು ತಯಾರಿಸುವ ಶಕ್ತಿ ಮೀನಿನ ಮೂತ್ರಪಿಂಡಕ್ಕಿಲ್ಲ. ಆ ಹೊಣೆ ಕಿವಿರಿನ ಕೆಲವು ವಿಶೇಷ ಕೋಶಗಳದು. ಕೋಶದ ರಕ್ತದ ಕಡೆಯ ಪೊರೆಯಲ್ಲಿರುವ ಪಂಪು ಶಕ್ತಿ ವ್ಯಯಿಸಿ ಸೋಡಿಯಂ ಅನ್ನು ರಕ್ತಕ್ಕೇ ಮರಳಿ ದೂಡುತ್ತದೆ. ಇದರಿಂದ ಕೋಶದೊಳಗೆ ಉಂಟಾದ ಕೊರತೆಯನ್ನು ತುಂಬಲು ರಕ್ತದ ಕಡೆಯಿಂದ ನುಗ್ಗುವ ಸೋಡಿಯಂ ತನ್ನೊಡನೆ ಕ್ಲೋರೈಡನ್ನೂ ಎಳೆತರುತ್ತದೆ. ಹೀಗೆ ಒಳಗೆ ಹೆಚ್ಚಿದ ಕ್ಲೋರೈಡ್ ಕಡಲ ಕಡೆಯ ಕಿಂಡಿಯಿಂದ ಹೊರಬಿದ್ದಾಗ, ಅದರ ಋಣ ವಿದ್ಯುದಂಶದ ಸೆಳೆತಕ್ಕೆ ಸಿಕ್ಕ ಸೋಡಿಯಂ ಕೋಶಗಳ ನಡುವಿನ ಸಂದಿಯಲ್ಲಿ ನುಸುಳಿ ಹಿಂಬಾಲಿಸುತ್ತದೆ. ಪಂಪು ತಳ್ಳುವುದು ತಪ್ಪು ದಿಕ್ಕಿಗೆಂದು ಕಂಡರೂ ಕೊನೆಗೆ ಎರಡೂ ಹೊರಹೋಗುತ್ತವೆ!

ಹೊಳೆಮೀನಿನ ಕಿವಿರು ಅದೇ ಉಪ್ಪನ್ನು ಸಪ್ಪೆ ನೀರಿನಿಂದ ಹೆಕ್ಕಿ ಒಳಗೆಳೆದುಕೊಳ್ಳುತ್ತದೆ. ಕೆರೆಗೆ ಬಿಡಲು ಮೀನುಮರಿಗಳನ್ನು ಸಾಗಿಸುವವರು ನೀರಿಗೆ ತುಸು ಉಪ್ಪು ಹಾಕುವುದುಂಟು. ಅದು ದೃಷ್ಟಿ ತೆಗೆಯುವ ಉಪ್ಪಲ್ಲ. ಗಾಬರಿಗೊಂಡ ಮರಿಯ ಕಿವಿರಿನಲ್ಲಿ ರಕ್ತದ ಹರಿವು ಹೆಚ್ಚಿ ಲವಣ ಬೇಗ ಸೋರುತ್ತದೆ. ಸುತ್ತಲಿನ ನೀರು ರಕ್ತದ ಸಾಂದ್ರತೆಗೆ ಸ್ವಲ್ಪ ಹತ್ತಿರವಾದಷ್ಟೂ ಆ ಸೋರಿಕೆ ತಗ್ಗಿ, ಮರಿಗಳು ಕೆರೆ ಸೇರುವವರೆಗೆ ತಡೆದುಕೊಳ್ಳುತ್ತವೆ.