ನಾನು ಎಂತದೂ ಮಾಡಲಿಲ್ಲ ಮಾರಾಯ್ರೆ

ಕಂಪ್ಯೂಟರಿನಿಂದ ಹೋದ ಫೈಲು ಹುಡುಕಿ ಕೊಡುವ ನನ್ನ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಈ ಮಾತು ಕೇಳಿಸುತ್ತದೆ. ಕೈಯಲ್ಲಿ ಲ್ಯಾಪ್‌ಟಾಪ್ ಬ್ಯಾಗ್. ಮುಖ ನೋಡಿದರೆ ಜ್ವರದ ಮಗುವನ್ನು ಡಾಕ್ಟರ ಹತ್ತಿರ ತಂದವರ ಹಾಗೆ. "ಫೈಲ್ ಹೋಯ್ತು. ನಾನು ಎಂತದೂ ಮಾಡಲಿಲ್ಲ." ಕೂತುಕೊಳ್ಳಿ ಎನ್ನುತ್ತೇನೆ. ಯಾವಾಗ ಹೋಯ್ತು? "ಹೋದ ಮಂಗಳವಾರ." ಇವತ್ತು ಸೋಮವಾರ. ನಡುವೆ ಏನು ಮಾಡಿದಿರಿ? ಎಂತದೂ ಇಲ್ಲ. ಸುಮ್ನೆ ಹುಡುಕಿದೆ. ಯೂಟ್ಯೂಬ್ ನೋಡಿ ಒಂದು ಸಾಫ್ಟ್‌ವೇರ್ ಇಳಿಸಿದೆ, ಆಗಲಿಲ್ಲ. ಇನ್ನೊಂದು ಇಳಿಸಿದೆ, ಅದರಲ್ಲಿ ಸ್ವಲ್ಪ ಬಂತು. ಬಂದದ್ದನ್ನು ಅಲ್ಲೇ ಡೆಸ್ಕ್‌ಟಾಪ್‌ನಲ್ಲಿ ಸೇವ್ ಮಾಡಿದೆ.

ಈ "ಎಂತದೂ" ಇದೆಯಲ್ಲ, ನನ್ನ ಅರ್ಧ ತಲೆಗೂದಲು ನರೆತದ್ದು ಅದರಿಂದ.

ಬ್ಯಾಕಪ್ ಬಗ್ಗೆ ಉಪದೇಶ ಮಾಡಲು ನಾನು ಕೂತಿಲ್ಲ. ಅದು ಎಲ್ಲರಿಗೂ ಗೊತ್ತು, ಯಾರೂ ಮಾಡುವುದಿಲ್ಲ. ರೀಸೈಕಲ್ ಬಿನ್ ನೋಡಿ ಎಂದೂ ಹೇಳುವುದಿಲ್ಲ, ನೀವು ಹತ್ತು ಸಲ ನೋಡಿಯೇ ಇರುತ್ತೀರಿ. ನನಗೆ ಹೇಳಲಿಕ್ಕಿರುವುದು ಒಂದೇ. ಫೈಲ್ ಹೋಯಿತೆಂದು ಗೊತ್ತಾದ ಗಳಿಗೆಯಿಂದ ಆ ಡಿಸ್ಕಿನ ಮೇಲೆ ಏನನ್ನೂ ಬರೆಯಬೇಡಿ. ಇದನ್ನು ಹೇಳಿದರೆ ಜನ ಬರೆಯುವುದು ಎಂದರೆ ಟೈಪ್ ಮಾಡುವುದು ಎಂದುಕೊಳ್ಳುತ್ತಾರೆ. "ನಾನು ಒಂದಕ್ಷರ ಟೈಪ್ ಮಾಡಲಿಲ್ಲ" ಎಂದು ದೇವರ ಮೇಲೆ ಆಣೆ ಹಾಕಿದವರಿದ್ದಾರೆ. ಎಡವಟ್ಟು ಶುರುವಾಗುವುದು ಅಲ್ಲಿ.

ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕದ ಕಡೆಯವರಿಗೆ ಹೊಂದುವ ಹಾಗೆ ಹೇಳುತ್ತೇನೆ. ನಿಮಗೆ ಒಂದು ಅಡಿಕೆ ತೋಟ ಉಂಟು. ವಿಲೇಜ್ ಆಫೀಸಿನ ಪುಸ್ತಕದಲ್ಲಿ ಯಾರೋ ನಿಮ್ಮ ಹೆಸರಿನ ಮೇಲೆ ಗೆರೆ ಎಳೆದು "ಜಾಗ ಖಾಲಿ" ಎಂದು ಬರೆದರು. ಆ ಹೊತ್ತಿಗೆ ತೋಟಕ್ಕೆ ಏನಾಯಿತು? ಏನೂ ಆಗಲಿಲ್ಲ. ಮರ ಅಲ್ಲೇ, ಕೆರೆ ಅಲ್ಲೇ, ಅಂಗಳದಲ್ಲಿ ಒಣ ಹಾಕಿದ ಅಡಿಕೆಯೂ ಅಲ್ಲೇ. ಪುಸ್ತಕ ನೋಡಿ ಮಾತಾಡುವವರಿಗೆ ಮಾತ್ರ ತೋಟ ಕಾಣುವುದಿಲ್ಲ. ಕಂಪ್ಯೂಟರ್ ಡಿಲೀಟ್ ಮಾಡುವುದೂ ಹೀಗೆಯೇ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕಿನಲ್ಲಿ ಎಂಎಫ್‌ಟಿ ಎಂಬ ಫೈಲುಗಳ ಪಟ್ಟಿ ಇರುತ್ತದೆ, ಆ ಪುಸ್ತಕದ ಹಾಗೆ. ಫೈಲಿನ ಸಾಲಿಗೆ "ಬಳಕೆಯಲ್ಲಿಲ್ಲ" ಎಂಬ ಗುರುತು ಬೀಳುತ್ತದೆ, ಅಷ್ಟೇ. ಪೆನ್‌ಡ್ರೈವಿನ ಫ್ಯಾಟ್ ಪದ್ಧತಿಯಲ್ಲಿ ಹೆಸರಿನ ಮೊದಲ ಅಕ್ಷರ ಹೋಗಿ ಅಲ್ಲೊಂದು ಗುರುತು ಬರುತ್ತದೆ. ವಾಪಸು ಬಂದ ಫೈಲುಗಳ ಹೆಸರು ಕೆಲವೊಮ್ಮೆ ತಲೆ ಕಡಿದ ಹಾಗೆ ಇರುವುದು ಅದಕ್ಕೇ. ಕ್ವಿಕ್ ಫಾರ್ಮ್ಯಾಟ್ ಎಂದರೆ ಹಳೆ ಪುಸ್ತಕ ಎತ್ತಿಟ್ಟು ಹೊಸ ಪುಸ್ತಕ ತೆರೆದ ಹಾಗೆ. ಆಗಲೂ ತೋಟ ಹೆಚ್ಚುಕಡಿಮೆ ಇದ್ದ ಹಾಗೇ ಇರುತ್ತದೆ. (ಫುಲ್ ಫಾರ್ಮ್ಯಾಟ್ ಬೇರೆ. ವಿಂಡೋಸ್ ವಿಸ್ತಾದಿಂದ ಈಚೆಗೆ ಅದು ಇಡೀ ಡಿಸ್ಕಿಗೆ ಸೊನ್ನೆ ತುಂಬಿಸುತ್ತದೆ. ಅದನ್ನು ಮಾಡಿ ತಂದವರಿಗೆ ಒಂದು ಚಾ ಕುಡಿಸಿ ಕಳಿಸುತ್ತೇನೆ.)

ಕಷ್ಟ ಬರುವುದು ಆಮೇಲೆ. ಪುಸ್ತಕ ಖಾಲಿ ಎನ್ನುತ್ತದಲ್ಲ, ಆ ಜಾಗವನ್ನು ಯಾರಿಗೆ ಬೇಕಾದರೂ ಕೊಡಬಹುದು. ಹೊಸಬ ಬರುತ್ತಾನೆ. ಜೆಸಿಬಿ ತಂದು ಅಡಿಕೆಯನ್ನು ಬುಡಸಮೇತ ಕಿತ್ತು ರಬ್ಬರ್ ಹಾಕುತ್ತಾನೆ. ಇನ್ನು ಅಡಿಕೆ ತೋಟ ವಾಪಸು ಕೊಡಿ ಎಂದರೆ ನಾನಲ್ಲ, ಯಾವ ದೊಡ್ಡ ಪೇಟೆಯ ಯಾವ ಪರಿಣತನೂ ಕೊಡಲಾರ. ಏಳು ಸಲ ಮೇಲೆ ಬರೆದರೆ ಮಾತ್ರ ಅಳಿಯುತ್ತದೆ ಎಂಬ ಹಳೆ ನಂಬಿಕೆ ಒಂದುಂಟು. ಈಗಿನ ಡಿಸ್ಕಿಗೆ ಒಂದೇ ಸಲ ಸಾಕು.

ಈಗ ಹೇಳಿ, ಆ ಹೊಸಬ ಯಾರು? ನೀವು ಇಳಿಸಿದ ರಿಕವರಿ ಸಾಫ್ಟ್‌ವೇರೇ! ಅದು ಬಂದು ಕೂರುವುದು ಅದೇ ಡಿಸ್ಕಿನ ಖಾಲಿ ಜಾಗದಲ್ಲಿ. ಎಷ್ಟೋ ಸಲ ಅದು ಕೂತದ್ದು ನೀವು ಹುಡುಕುತ್ತಿದ್ದ ಫೋಟೋದ ತಲೆ ಮೇಲೆಯೇ. ಅದು ಹೆಕ್ಕಿ ಕೊಟ್ಟ ನೂರು ಫೋಟೋಗಳನ್ನು ಅಲ್ಲೇ ಸೇವ್ ಮಾಡಿದಿರಾ? ಆ ನೂರು ಸೇರಿ ಇನ್ನೂ ಸಿಗದ ಇನ್ನೂರನ್ನು ತುಳಿದಿರಬಹುದು. ಇನ್ನು ನೀವು ಕೈಕಟ್ಟಿ ಕೂತರೂ ವಿಂಡೋಸ್ ಕೂರುವುದಿಲ್ಲ. ಬ್ರೌಸರ್ ತೆರೆದರೆ ಅದು ಕೂಡಿಟ್ಟುಕೊಳ್ಳುವ ಕ್ಯಾಶ್ ಫೈಲುಗಳು, ಫೋಲ್ಡರ್ ತೆರೆದರೆ ಅದರ ಸಣ್ಣ ಚಿತ್ರಗಳು, ರಾತ್ರಿ ಅಪ್‌ಡೇಟು. ಸುಮ್ನೆ ಒಂದು ಸಲ ಆನ್ ಮಾಡಿ ಆಫ್ ಮಾಡಿದರೂ ಎಲ್ಲೋ ಏನೋ ಬರೆದಿರುತ್ತದೆ. "ಆನ್ ಮಾಡಿ ನೋಡಿದೆ ಅಷ್ಟೇ" ಎನ್ನುವವರಿಗೆ ನಾನು ಇದನ್ನೇ ಹೇಳುವುದು.

ಹಾಗಾದರೆ ಏನು ಮಾಡಬೇಕು? ಪೆನ್‌ಡ್ರೈವ್, ಕಾರ್ಡ್, ಹೊರಗಿನ ಹಾರ್ಡ್‌ಡಿಸ್ಕ್ ಆದರೆ ತೆಗೆದು ಡ್ರಾಯರಿನಲ್ಲಿಡಿ. ಒಳಗಿನ ಡಿಸ್ಕ್ ಆದರೆ ಕಂಪ್ಯೂಟರ್ ಆಫ್ ಮಾಡಿ. ಶಟ್‌ಡೌನ್ ಆಗುವಾಗಲೂ ಸ್ವಲ್ಪ ಬರೆಯುತ್ತದೆ ನಿಜ, ಆದರೆ ವೈರ್ ಎಳೆಯಿರಿ ಎಂದು ನಾನು ಎಲ್ಲರಿಗೂ ಹೇಳುವುದಿಲ್ಲ, ಅದರಲ್ಲಿ ಬೇರೆ ಅಪಾಯ ಉಂಟು. ಆಮೇಲೆ ಆ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ, ಸಾಫ್ಟ್‌ವೇರ್ ಅಲ್ಲಿ ಹಾಕಿ, ಸಿಕ್ಕಿದ್ದನ್ನು ಮೂರನೇ ಡಿಸ್ಕಿನಲ್ಲಿ ಉಳಿಸಬೇಕು. ನಾನಂತೂ ಮೊದಲು ಇಡೀ ಡಿಸ್ಕಿನ ನಕಲು ತೆಗೆಯುತ್ತೇನೆ. ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನ ಉಂಟು, ಡಿಸ್ಕಿನ ಹಾಳು ತುಣುಕುಗಳನ್ನು (ಸೆಕ್ಟರು) ಕೊನೆಗೆ ಬಿಟ್ಟು ಒಳ್ಳೆಯದನ್ನು ಮೊದಲು ಎತ್ತಿಕೊಳ್ಳುತ್ತದೆ. 1 ಟಿಬಿ ಡಿಸ್ಕ್ ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಓದಿದರೂ ಸುಮಾರು ಮೂರು ಗಂಟೆ ಬೇಕು. ಕಾಯಿಲೆ ಬಿದ್ದ ಡಿಸ್ಕ್ ಆದರೆ ಮೂರು ದಿನ. "ಹತ್ತು ನಿಮಿಷದ ಕೆಲಸ ಅಲ್ವಾ" ಎಂದು ಕುರ್ಚಿ ಎಳೆದು ಎದುರು ಕೂರುವವರಿಗೆ ಇಲ್ಲಿ ಒಂದು ಮನವಿ: ಪೇಟೆಗೆ ಹೋಗಿ ಬನ್ನಿ.

2003ರ ಫೆಬ್ರವರಿಯಲ್ಲಿ ಕೊಲಂಬಿಯಾ ನೌಕೆ ಆಕಾಶದಲ್ಲೇ ಒಡೆದು ಕಲ್ಪನಾ ಚಾವ್ಲಾ ತೀರಿಕೊಂಡದ್ದು ನಿಮಗೆ ನೆನಪಿರಬಹುದು. ಆ ಅವಶೇಷಗಳಲ್ಲಿ ಒಂದು ಹಾರ್ಡ್‌ಡಿಸ್ಕ್ ಸಿಕ್ಕಿತ್ತು. ಹೊರಗೆಲ್ಲ ಸುಟ್ಟು ಕರಕಲು. ಅದರಲ್ಲಿದ್ದ ಪ್ರಯೋಗದ ಮಾಹಿತಿಯಲ್ಲಿ ನೂರಕ್ಕೆ 99 ಭಾಗ ವಾಪಸು ತೆಗೆದರು. ಬೆಂಕಿಯಲ್ಲಿ ಬಿದ್ದದ್ದು ಬಂತು. ಮಗ ಎರಡು ಸಿನಿಮಾ ತುಂಬಿಸಿದ ಲ್ಯಾಪ್‌ಟಾಪಿನದ್ದು ಬರುವುದಿಲ್ಲ.

ಹೋದ ಯಕ್ಷಗಾನ ಆಟದ ಸೀಸನಿನಲ್ಲಿ ವಿಡಿಯೋ ಮಾಡುವ ಒಬ್ಬ ಹುಡುಗ 64 ಜಿಬಿ ಕಾರ್ಡ್ ಹಿಡಿದು ಓಡಿ ಬಂದ. ರಾತ್ರಿಯಿಡೀ ಬಯಲಾಟ ರೆಕಾರ್ಡ್ ಮಾಡಿದ್ದ. ಬೆಳಗ್ಗೆ ನಿದ್ದೆಗಣ್ಣಿನಲ್ಲಿ ಕಾಪಿ ಆಯಿತೆಂದುಕೊಂಡು ಕಾರ್ಡ್ ಫಾರ್ಮ್ಯಾಟ್ ಮಾಡಿ, ಅದೇ ಕಾರ್ಡ್ ಹಿಡಿದು ಒಂದು ಮನೆ ಒಕ್ಕಲಿಗೆ ಹೋಗಿದ್ದಾನೆ. ಫಾರ್ಮ್ಯಾಟ್ ಆದ ಕಾರ್ಡಿನಲ್ಲಿ ಕ್ಯಾಮೆರಾ ಸಾಮಾನ್ಯವಾಗಿ ಮೊದಲಿನಿಂದ ತುಂಬಿಸುತ್ತಾ ಬರುತ್ತದೆ. ಆದ್ದರಿಂದ ಆಟದ ಶುರುವಿನ ಸಭಾಲಕ್ಷಣ ಇರಬೇಕಾದ ಜಾಗದಲ್ಲಿ ಹಾಲು ಉಕ್ಕುತ್ತಿತ್ತು. ನಡುರಾತ್ರಿಯ ನಂತರದ ಭಾಗ ಬಹುಪಾಲು ಬಂತು. ಅವನ ಪುಣ್ಯಕ್ಕೆ ಮೇಳದವರಿಗೆ ಬೇಕಾಗಿದ್ದದ್ದೂ ಅದೇ. ಮಧ್ಯಾಹ್ನದ ಊಟದವರೆಗೂ ನಿಂತು ರೆಕಾರ್ಡ್ ಮಾಡಿದ್ದರೆ ಆಟದ ಕೊನೆಯ ಮಂಗಳವೂ ಸಿಗುತ್ತಿರಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ತಿರುಗುವ ಹಾರ್ಡ್‌ಡಿಸ್ಕ್, ಪೆನ್‌ಡ್ರೈವ್, ಕಾರ್ಡುಗಳ ಮಾತು. ಹೊಸ ಲ್ಯಾಪ್‌ಟಾಪುಗಳಲ್ಲಿರುವ ಎಸ್‌ಎಸ್‌ಡಿ ಬೇರೆಯೇ ಜಾತಿ, ತಿರುಗುವ ತಟ್ಟೆ ಇಲ್ಲದ ಚಿಪ್ ಡಿಸ್ಕು. ಅದರಲ್ಲಿ ಟ್ರಿಮ್ ಎಂಬ ವ್ಯವಸ್ಥೆ ಉಂಟು, 2009ರ ವಿಂಡೋಸ್ 7ರಿಂದ ಬಳಕೆಯಲ್ಲಿದೆ. ಪುಸ್ತಕದಲ್ಲಿ ಗೆರೆ ಎಳೆದ ಕೂಡಲೇ ಆಫೀಸಿನವರೇ ಜೆಸಿಬಿ ಕಳಿಸಿ ಜಾಗ ಸಮತಟ್ಟು ಮಾಡಿಸಿದ ಹಾಗೆ. ಹೊಸ ಬರಹ ವೇಗವಾಗಿ ಆಗಲಿ ಎಂದು ಮಾಡಿದ ಉಪಾಯ, ನಮ್ಮ ಹೊಟ್ಟೆಪಾಡಿಗೆ ಕಲ್ಲು. ಶಿಫ್ಟ್ ಒತ್ತಿ ಡಿಲೀಟ್ ಮಾಡಿದರೆ, ಅಥವಾ ಬಿನ್ ಖಾಲಿ ಮಾಡಿದರೆ, ಎಸ್‌ಎಸ್‌ಡಿಯಿಂದ ಸಿಗುವುದು ಅಪರೂಪ. ಸಿಗುವುದೇ ಇಲ್ಲ ಎನ್ನುವುದಿಲ್ಲ. ಯುಎಸ್‌ಬಿ ಡಬ್ಬಿಯಲ್ಲಿ ಹಾಕಿದ ಕೆಲವು ಎಸ್‌ಎಸ್‌ಡಿಗಳಿಗೆ ಟ್ರಿಮ್ ತಲುಪಿರುವುದಿಲ್ಲ. ಆದರೆ ಆಸೆ ಹುಟ್ಟಿಸಿ ದುಡ್ಡು ತೆಗೆದುಕೊಳ್ಳಲು ನನಗೆ ಮನಸ್ಸಿಲ್ಲ. ಮೊಬೈಲೂ ಹಾಗೆಯೇ, ಒಳಗಿನದ್ದೆಲ್ಲ ಬೀಗ ಹಾಕಿದ ಸ್ಥಿತಿಯಲ್ಲಿರುತ್ತದೆ, ಅಳಿಸಿದ್ದರ ಬೀಗದ ಕೈಯೂ ಅದರ ಜೊತೆಗೇ ಹೋಗುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದರೆ ಅದರ ಬಿನ್‌ನಲ್ಲಿ 60 ದಿನ ಇರುತ್ತದೆ, ಅಂಗಡಿಗೆ ಬರುವ ಮೊದಲು ಅಲ್ಲಿ ನೋಡಿ.

ಇನ್ನು ಕೆಲವರದ್ದು ಹೋಗಿಯೇ ಇರುವುದಿಲ್ಲ. ಝೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟು ತಂದಿರುತ್ತಾರೆ. ತೆರೆದರೆ ಫೋಲ್ಡರುಗಳ ಬದಲು ಶಾರ್ಟ್‌ಕಟ್‌ಗಳು. ಗಾಬರಿಯಾಗಿ ಫಾರ್ಮ್ಯಾಟ್ ಮಾಡುತ್ತಾರೆ. ಅದು ವೈರಸ್ಸಿನ ಆಟ. ಫೈಲುಗಳನ್ನು ಅಡಗಿಸಿ ಇಟ್ಟಿರುತ್ತದೆ, ಅಳಿಸಿರುವುದಿಲ್ಲ. ಶಾರ್ಟ್‌ಕಟ್ ಒತ್ತಬೇಡಿ. ವಿಂಡೋಸ್ ಬದಲು ಲಿನಕ್ಸ್ ಇರುವ ಒಂದು ಕಂಪ್ಯೂಟರಿಗೆ ಹಾಕಿದರೆ ಎಲ್ಲಾ ಅಲ್ಲೇ ಕಾಣುತ್ತದೆ. ನಮ್ಮ ಕೇರಳದ ಶಾಲೆಗಳಲ್ಲಿ ಇರುವುದು ಅದೇ, ಯಾವ ಹೈಸ್ಕೂಲ್ ಹುಡುಗಿಯೂ ತೋರಿಸಿಕೊಡುತ್ತಾಳೆ.

ತುಲಾ ತಿಂಗಳ ಸಿಡಿಲಿಗೆ ಡಿಸ್ಕಿನ ಬೋರ್ಡ್ ಸುಟ್ಟರೆ ಅದು ಬೇರೆ ಕಥೆ. ಅದೇ ಮಾಡೆಲಿನ ಬೋರ್ಡ್ ತಂದು ಕೂರಿಸಿದರೆ ಸಾಲದು, ಆ ಡಿಸ್ಕಿಗೇ ಹೊಂದಿದ ವಿವರ ಹಳೆ ಬೋರ್ಡಿನ ಚಿಪ್‌ನಲ್ಲಿರುತ್ತದೆ. ಹಾಗಾಗಿ ಸುಟ್ಟ ಬೋರ್ಡನ್ನು ಬಿಸಾಡಬೇಡಿ. ಟಿಕ್ ಟಿಕ್ ಶಬ್ದ ಬಂದರೆ ಕರೆಂಟು ತೆಗೆಯಿರಿ, ಬಿಚ್ಚಬೇಡಿ. ಒಳಗಿನ ಓದುವ ಮುಳ್ಳಿಗೂ ತಟ್ಟೆಗೂ ನಡುವೆ ಇರುವುದು ಕೆಲವು ನ್ಯಾನೋಮೀಟರ್ ಅಂತರ, ಒಂದು ಧೂಳಿನ ಕಣ ಅದಕ್ಕೆ ಬಂಡೆಕಲ್ಲು. ಹಾಗೆ ಬಂದವನ್ನು ನಾನು ಮುಟ್ಟುವುದಿಲ್ಲ, ಕ್ಲೀನ್‌ರೂಮ್ ಇರುವ ದೊಡ್ಡ ಊರಿಗೆ ಕಳಿಸುತ್ತೇನೆ. ಫ್ರಿಜ್‌ನಲ್ಲಿ ಇಟ್ಟು, ತಂಪಾದರೆ ಡಿಸ್ಕ್ ಸರಿಹೋಗುತ್ತದೆಂದು ನಂಬಿ ತಂದವರೂ ಇದ್ದಾರೆ. ಜುಲೈ ತಿಂಗಳಲ್ಲಿ! ಚಪ್ಪಲಿಗೂ ಬೂಷ್ಟು ಬರುವ ಊರು ಇದು. ಹೊರಗೆ ತೆಗೆದ ಕೂಡಲೇ ಬೆವರುತ್ತಿತ್ತು ಪಾಪ ಡಿಸ್ಕು.

ಒಬ್ಬರ ಮೇಲೆ ಮಾತ್ರ ನನಗೆ ಸಿಟ್ಟು ಬರಲಿಲ್ಲ. ನಿವೃತ್ತ ಮಾಷ್ಟ್ರು, ಕನ್ನಡ ಶಾಲೆಯಲ್ಲಿ ಕಲಿಸಿದವರು. 1956ರ ನವೆಂಬರ್ 1ಕ್ಕೆ ಈ ಊರು ಕೇರಳಕ್ಕೆ ಸೇರಿದಾಗ ಮೂರನೇ ಕ್ಲಾಸಿನಲ್ಲಿದ್ದರಂತೆ. ಆ ನೆನಪುಗಳನ್ನೆಲ್ಲ ಹಳೆಯ ಕಂಪ್ಯೂಟರಿನಲ್ಲಿ ಹದಿನಾಲ್ಕು ಅಧ್ಯಾಯ ಬರೆದಿದ್ದರು. ರಜೆಗೆ ಬಂದ ಮೊಮ್ಮಗ "ಕ್ಲೀನ್" ಮಾಡಿದ. ಮಾಷ್ಟ್ರು ಏನೂ ಮುಟ್ಟಲಿಲ್ಲ. ಯಾರೋ ಹೇಳಿಕೊಟ್ಟು ಅಲ್ಲ, ಬೇಸರದಿಂದ ಸ್ವಿಚ್ ಆರಿಸಿ ಮೂರು ದಿನ ಆ ಕೋಣೆಗೇ ಹೋಗಲಿಲ್ಲವಂತೆ. ಅಂಥ ಗಿರಾಕಿ ನನಗೆ ವರ್ಷಕ್ಕೊಬ್ಬರು ಸಿಕ್ಕಿದರೆ ಹೆಚ್ಚು.

ಹದಿನಾಲ್ಕೂ ಬಂತು. ತೆರೆದು ತೋರಿಸಿದಾಗ ಅವರ ಮುಖ ಬಾಡಿತು. ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆ ಮೇಲೆ ಕೊಂಬು, ಬೊಟ್ಟು, ಓರೆಗೆರೆ. "ಕೊಳೆತು ಹೋಗಿದೆ ಅಲ್ವಾ" ಎಂದರು. ಕೊಳೆತಿರಲಿಲ್ಲ. ಅವರು ಬರೆದದ್ದು ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ರೂಢಿಗೆ ಬರುವ ಮೊದಲಿನ ನುಡಿ ಫಾಂಟಿನಲ್ಲಿ, ನನ್ನ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಹಳೆಯ ಕನ್ನಡ ಫೈಲು ಹೀಗೆ ಕಂಡರೆ ಹಾಳಾಯಿತೆಂದು ಅಳಿಸಿಬಿಡಬೇಡಿ. ನುಡಿಯೋ ಬರಹವೋ, ಯಾವ ಸಾಫ್ಟ್‌ವೇರಿನಲ್ಲಿ ಬರೆದದ್ದೋ ಅದರ ಫಾಂಟ್ ಹಾಕಿ ನೋಡಿ. ನಾನು ಹಾಕಿದೆ. ಕೊಂಬುಗಳೆಲ್ಲ ಒಮ್ಮೆಲೇ ಕನ್ನಡವಾದವು. ಮಾಷ್ಟ್ರು ಕನ್ನಡಕ ತೆಗೆದು ಒರೆಸಿ, ಮೊದಲ ಪುಟವನ್ನು ಗಟ್ಟಿಯಾಗಿ ಓದಿದರು. ಪಕ್ಕದ ಅಂಗಡಿಯವನೂ ಬಂದು ನಿಂತ. ಆ ಫೈಲುಗಳನ್ನೆಲ್ಲ ಯುನಿಕೋಡಿಗೆ ಬದಲಾಯಿಸಿ ಒಂದು ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ, ಇದನ್ನು ಬೇರೆ ಕಡೆ ಇಡಿ ಎಂದು.

ಮೊನ್ನೆ ಪ್ರಿಂಟರಿನ ಶಾಯಿಗೆ ಬಂದಿದ್ದರು, ಹೊಸ ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೆ ಹಾಕಿಕೊಂಡು. ಹದಿನೈದನೇ ಅಧ್ಯಾಯ ನಡೆಯುತ್ತಿದೆಯಂತೆ. ಆ ಪೆನ್‌ಡ್ರೈವ್ ಜಾಗ್ರತೆಯಲ್ಲಿ ಉಂಟಾ ಮಾಷ್ಟ್ರೇ ಎಂದೆ. "ಉಂಟು ಉಂಟು" ಎಂದು ಅದೇ ಬ್ಯಾಗಿನ ಪಕ್ಕದ ಜಿಪ್ ಎಳೆದು ತೋರಿಸಿದರು.