ಮಂಡಿಯ ಮೇಲಿನ ಗುಳಿ

ಆಟಿ ತಿಂಗಳಲ್ಲಿ ಉಡುಪಿ ಕಡೆಯ ಮುರಕಲ್ಲಿನ ಮೆಟ್ಟಿಲಿಗೆ ಪಾಚಿ ಕಟ್ಟಿರುತ್ತದೆ. ತೋಟಕ್ಕೆ ಇಳಿಯುತ್ತಿದ್ದ ನಮ್ಮ ದೊಡ್ಡಪ್ಪ ಜಾರಿದರು. ಬೀಳಬಾರದೆಂದು ಮಡಚಿದ ಕಾಲಿನ ಮೇಲೇ ಇಡೀ ಮೈಭಾರ ತಡೆದರು. ಬಟ್ಟೆ ಹರಿದ ಹಾಗೆ ಒಂದು ಸದ್ದು. ಎಕ್ಸ್‌ರೇಯಲ್ಲಿ ಮೂಳೆ ಮುರಿದಿರಲಿಲ್ಲ. ಬರೀ ಉಳುಕು ಎಂದರು. ಆರು ವಾರ ಎಣ್ಣೆ ತಿಕ್ಕಿದ್ದಾಯಿತು. ಕಾಲು ಎತ್ತಿ ಎಂದರೆ ತೊಡೆ ಬಿಗಿಯುತ್ತಿತ್ತು, ಹಿಮ್ಮಡಿ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಕೊನೆಗೆ ಮೂಳೆ ಡಾಕ್ಟರೊಬ್ಬರು ಮಂಡಿಚಿಪ್ಪಿನ ಮೇಲ್ಗಡೆ ಬೆರಳಿಟ್ಟು ಒತ್ತಿದರು. ಬೆರಳು ಗುಳಿಗೆ ಇಳಿಯಿತು.

ನಮ್ಮಲ್ಲಿ ಮಂಡಿಗೆ ಏನಾದರೂ 'ಲಿಗಮೆಂಟ್ ಹೋಗಿದೆ' ಎನ್ನುತ್ತಾರೆ. ಲಿಗಮೆಂಟ್ ಮೂಳೆಗೆ ಮೂಳೆಯನ್ನು ಕಟ್ಟುತ್ತದೆ. ದೊಡ್ಡಪ್ಪನಿಗೆ ಹರಿದದ್ದು ತೊಡೆಯ ಮಾಂಸಖಂಡವನ್ನು ಮಂಡಿಚಿಪ್ಪಿಗೆ ಹಿಡಿದಿಡುವ ಸ್ನಾಯುರಜ್ಜು. ಸಾಮಾನ್ಯವಾಗಿ ನಲವತ್ತು ದಾಟಿದವರಲ್ಲಿ ಹರಿಯುವುದು ಇದೇ. ಚಿಪ್ಪಿನ ಕೆಳಗಿನದ್ದು ಹೆಚ್ಚಾಗಿ ಹರೆಯದವರದ್ದು.

ಹರಿದ ರಜ್ಜನ್ನು ಹೊಲಿದು ಕೂಡಿಸುವುದು ಹೊಸದಲ್ಲ. 1887ರಲ್ಲೇ ನ್ಯೂಯಾರ್ಕಿನ ಶಸ್ತ್ರವೈದ್ಯ ಚಾರ್ಲ್ಸ್ ಮೆಕ್‌ಬರ್ನಿ ಇಂಥ ರಜ್ಜನ್ನು ಹೊಲಿದು ಪೂರ್ತಿ ಗುಣವಾದ ವರದಿ ಬರೆದಿದ್ದರು. ಅಪೆಂಡಿಕ್ಸ್ ನೋವಿನ ಜಾಗಕ್ಕೆ ಹೆಸರು ಕೊಟ್ಟ ಮೆಕ್‌ಬರ್ನಿಯೇ ಇವರು. ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈ 1953ರಲ್ಲಿ ಮೆಡಿಕಲ್ ಕಾಲೇಜು ಶುರುಮಾಡುವಾಗ ಆ ಹೊಲಿಗೆಗೆ ಅರವತ್ತಾರು ವರ್ಷ.

ಗಟ್ಟಿಮುಟ್ಟಾದ ರಜ್ಜು ಹೀಗೆ ಹರಿಯುತ್ತದೆಯೇ? 1933ರಲ್ಲಿ ಮೆಕ್‌ಮಾಸ್ಟರ್ ಎಂಬ ವೈದ್ಯರು ಮೊಲಗಳ ಮೇಲೆ ಪ್ರಯೋಗ ಮಾಡಿ ನೋಡಿದರು. ಜಗ್ಗಿದರೆ ಮೂಳೆಯೋ ಮಾಂಸಖಂಡವೋ ಮೊದಲು ಸೋಲುತ್ತದೆ, ಆರೋಗ್ಯವಾಗಿರುವ ರಜ್ಜು ಸೋಲುವುದಿಲ್ಲ. ಹರಿಯುವ ರಜ್ಜು ಹೆಚ್ಚಾಗಿ ಮೊದಲೇ ಸವೆದಿರುತ್ತದೆ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಸ್ಟೀರಾಯ್ಡ್ ಇವೆಲ್ಲ ಅದನ್ನು ಬಡವಾಗಿಸುತ್ತವೆ. ದೊಡ್ಡಪ್ಪನಿಗೆ ಹದಿನೈದು ವರ್ಷದ ಶುಗರ್. ಪಾಚಿಯನ್ನಷ್ಟೇ ಬೈದು ಪ್ರಯೋಜನವಿಲ್ಲ.

ನಿಜವಾದ ತಲೆನೋವು ಹಿಡಿತದ್ದು. ರಜ್ಜಿನ ಎಳೆಗಳು ಉದ್ದುದ್ದ; ಸುಮ್ಮನೆ ಹೊಲಿದರೆ ದಾರ ಎಳೆಗಳ ನಡುವೆ ಜಾರಿಬರುತ್ತದೆ, ಬಾಚಣಿಗೆ ಕೂದಲಲ್ಲಿ ಜಾರಿದಂತೆ. 1958ರಲ್ಲಿ ಸ್ಕುಡೇರಿ ಎಂಬ ಶಸ್ತ್ರವೈದ್ಯರು ರಜ್ಜಿನಿಂದಲೇ ತ್ರಿಕೋನದ ಪಟ್ಟಿಯೊಂದನ್ನು ಕೆಳಕ್ಕೆ ಮಡಚಿ ಹೊಲಿಗೆಗೆ ತೇಪೆ ಕೊಟ್ಟರು. 1986ರಲ್ಲಿ ಕ್ರಾಕೋ ಎಂಬ ಇನ್ನೊಬ್ಬ ಶಸ್ತ್ರವೈದ್ಯರು ಬೀಗದಂತೆ ಕಚ್ಚಿಕೊಳ್ಳುವ ಕುಣಿಕೆಯ ಹೊಲಿಗೆ ತಂದರು. ಶಂಕರಪುರದ ಮಲ್ಲಿಗೆ ಕಟ್ಟುವವರಿಗೆ ಇದನ್ನು ವಿವರಿಸಬೇಕಿಲ್ಲ: ಬಾಳೆನಾರಿನ ಕುಣಿಕೆ ಎಳೆದಷ್ಟೂ ಬಿಗಿ. ದಾರದ ತುದಿಗಳನ್ನು ಮಂಡಿಚಿಪ್ಪಿನಲ್ಲಿ ಕೊರೆದ ತೂತುಗಳಲ್ಲಿ ಹಾಯಿಸಿ ಕೆಳಗೆ ಗಂಟು ಹಾಕುತ್ತಾರೆ. ಈಚೆಗೆ ಮೂಳೆಗೆ ತಿರುಪುವ ಪುಟ್ಟ ಆಂಕರ್‌ಗಳೂ ಇವೆ.

ಇಷ್ಟೆಲ್ಲ ಬಂದರೂ ತಡಮಾಡಿದವರಿಗೆ ಬೇರೆಯೇ ಲೆಕ್ಕ. ವಾರಗಳು ಕಳೆದಂತೆ ಮಾಂಸಖಂಡ ಮೇಲಕ್ಕೆ ಕುಗ್ಗಿ ಅಲ್ಲೇ ಅಂಟಿಕೊಳ್ಳುತ್ತದೆ, ಹರಿದ ತುದಿಗಳು ಸೇರುವುದೇ ಇಲ್ಲ. ದೊಡ್ಡಪ್ಪನಿಗೆ ರಜ್ಜನ್ನು ಸೀಳಿ ಉದ್ದಮಾಡಬೇಕಾಯಿತು.

ಈಗ ಕೋಲಿಲ್ಲದೆ ತೋಟಕ್ಕೆ ಇಳಿಯುತ್ತಾರೆ. ಚಕ್ಕಳಮಕ್ಕಳ ಹಾಕಿ ಕೂರಲು ಮಾತ್ರ ಇನ್ನೂ ಆಗುತ್ತಿಲ್ಲ. ಮಠದ ಊಟಕ್ಕೆ ಹೋದಾಗ ಪಂಕ್ತಿ ಏಳುವವರೆಗೆ ಕಂಬಕ್ಕೊರಗಿ ನಿಂತಿರುತ್ತಾರೆ.