ಬಿಳಿ ಇಲಿಯ ಮರಿಗಳು ವಾರದೊಳಗೆ ಯಾಕೆ ಸಾಯುತ್ತವೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಒಂದು ಜೋಡಿ ಬಿಳಿ ಇಲಿ ಇದೆ. ಹೆಣ್ಣು ಮೊದಲ ಸಲ 9 ಮರಿ ಹಾಕಿತು. ನಾಲ್ಕೈದು ದಿನದಲ್ಲಿ ಎಲ್ಲವೂ ಹೋದವು. ತಿಂಗಳೊಳಗೆ ಮತ್ತೆ 11 ಮರಿ. ಅವೂ ಕಳೆದ ವಾರ ಒಂದೊಂದಾಗಿ ಸತ್ತವು, ಕೆಲವನ್ನು ತಾಯಿಯೇ ತಿಂದಿತು. ಅನ್ನ, ಬ್ರೆಡ್ಡು, ಬಿಸ್ಕತ್ತು ಹೊಟ್ಟೆ ತುಂಬ ಕೊಡ್ತೀವಿ. ಮಕ್ಕಳು ಮರಿಗಳನ್ನು ಮುಟ್ಟಿದ್ದೇ ತಪ್ಪಾಯ್ತಾ?

ಉತ್ತರ: ಮುಟ್ಟಿದ್ದಕ್ಕೆ ಅಂತ ನನಗೆ ಅನಿಸುವುದಿಲ್ಲ. ಮಕ್ಕಳನ್ನು ಬೈಯಬೇಡಿ. ಕೈಗೆ ಪಳಗಿದ ಇಲಿ ಮನೆಯವರ ವಾಸನೆಗೆ ಹೆದರಿ ಮರಿ ಬಿಡುವುದು ಅಪರೂಪ. ಮೊದಲ ಎರಡು ಮೂರು ದಿನ ಗಲಾಟೆ ಮಾಡದೆ, ಬೋನು ಅಲುಗಾಡಿಸದೆ ಇದ್ದರೆ ಸಾಕು.

ತಾಯಿ ತಿಂದಿದ್ದನ್ನು ನೋಡಿ ನಿಮಗೆ ಸಂಕಟವಾಗಿರುತ್ತದೆ. ಆದರೆ ಇಲಿ ಹೆಚ್ಚಾಗಿ ತಿನ್ನುವುದು ಸತ್ತ ಮರಿಯನ್ನು, ಇಲ್ಲವೇ ಇನ್ನೇನು ಸಾಯುತ್ತದೆ ಅನ್ನುವಂಥ ಮರಿಯನ್ನು. ಗೂಡು ಚೊಕ್ಕಟವಾಗಿರಲಿ ಅಂತ ಅದು ಹಾಗೆ ಮಾಡುತ್ತದೆ. ಹಾಗಾಗಿ ನಾವು ಕೇಳಬೇಕಾದ್ದು ಬೇರೆ ಪ್ರಶ್ನೆ. ತಿನ್ನುವ ಮೊದಲೇ ಆ ಮರಿ ಯಾಕೆ ಸೋತಿತ್ತು?

ಇದಕ್ಕೆ ಮರಿಯ ಹೊಟ್ಟೆಯೇ ಉತ್ತರ ಹೇಳುತ್ತದೆ. ಹುಟ್ಟಿದಾಗ ಮರಿ 5-6 ಗ್ರಾಂ ಇರುತ್ತದೆ. ಮೈಮೇಲೆ ಕೂದಲಿಲ್ಲ, ಚರ್ಮ ಬಹಳ ತೆಳು. ಹಾಲು ಕುಡಿದಿದ್ದರೆ ಹೊಟ್ಟೆಯ ಎಡಗಡೆ ಬಿಳಿ ಪಟ್ಟಿಯೊಂದು ಹೊರಗಿಂದಲೇ ಕಾಣುತ್ತದೆ. ತಾಯಿ ನೀರಿಗೋ ತಿಂಡಿಗೋ ಎದ್ದು ಹೋದಾಗ ಒಮ್ಮೆ ಇಣುಕಿ ನೋಡಿ. ಎಲ್ಲ ಮರಿಗಳಲ್ಲೂ ಪಟ್ಟಿ ಇದ್ದರೆ ಹಾಲಿದೆ ಎಂದರ್ಥ, ಆಗ ಚಳಿ, ರೋಗ, ಇರುವೆ ಇವುಗಳ ಕಡೆ ಗಮನ ಕೊಡಿ. ಯಾವ ಮರಿಯಲ್ಲೂ ಇಲ್ಲದಿದ್ದರೆ ತೊಂದರೆ ತಾಯಿಯದು. ಕೆಲವಲ್ಲಿ ಮಾತ್ರ ಇಲ್ಲದಿದ್ದರೆ ಅವು ಸಣ್ಣವು, ಅಥವಾ ತಣ್ಣಗಾದವು. ಮೈ ತಣ್ಣಗಾದ ಮರಿ ಮೊಲೆ ಚೀಪುವುದಿಲ್ಲ. ಹೆಣ್ಣಿಲಿಗೆ 12 ಮೊಲೆ ಇರುತ್ತವೆ, ಹಾಗಾಗಿ 9 ಅಥವಾ 11 ಮರಿ ಅದಕ್ಕೆ ಹೊರೆಯಲ್ಲ.

ನೀವು ಬರೆದಿದ್ದನ್ನು ಓದಿದರೆ ನನ್ನ ಅನುಮಾನ ಹಾಲಿನ ಮೇಲೇ ಹೋಗುತ್ತದೆ. ಅದಕ್ಕೆ ಎರಡು ಕಾರಣ.

ಮೊದಲನೆಯದು ಊಟ. ಅನ್ನ, ಬ್ರೆಡ್ಡು, ಬಿಸ್ಕತ್ತು ತಿಂದು ಇಲಿ ಬದುಕುತ್ತದೆ, ದಪ್ಪವೂ ಆಗುತ್ತದೆ. ಆದರೆ ಹನ್ನೊಂದು ಮರಿಗೆ ಹಾಲಾಗುವಷ್ಟು ಪ್ರೋಟೀನ್ ಅದರಲ್ಲಿಲ್ಲ. ಇಲ್ಲಿ ಹಳೆಯದೊಂದು ಕಥೆ ಹೇಳಲೇಬೇಕು. ಅಮೆರಿಕದ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಹೆಲೆನ್ ಡೀನ್ ಕಿಂಗ್ ಎಂಬ ವಿಜ್ಞಾನಿ 1909ರಲ್ಲಿ ಬಿಳಿ ಇಲಿಗಳ ಒಡಹುಟ್ಟಿದವುಗಳನ್ನೇ ಕೂಡಿಸುತ್ತ ಹೋದರು. ಕೆಲವು ತಲೆಮಾರಿನ ಹೊತ್ತಿಗೆ ಇಲಿಗಳು ಕುಗ್ಗಿದವು, ಮರಿ ಹಾಕುವುದೂ ಕಡಿಮೆಯಾಯಿತು. ರಕ್ತಸಂಬಂಧದ ದೋಷ ಅಂತ ಯಾರಿಗಾದರೂ ಅನಿಸುತ್ತಿತ್ತು, ಅಲ್ವಾ? ಆದರೆ ಅಲ್ಲಿದ್ದ ಬೇರೆ ಇಲಿಗಳೂ ಹಾಗೇ ಸೊರಗಿದ್ದವು. ಕಿಂಗ್ ಊಟ ಬದಲಿಸಿದರು, ಬಗೆಬಗೆಯ ಆಹಾರ ಕೊಟ್ಟರು. ಇಲಿಗಳು ಚೇತರಿಸಿಕೊಂಡವು, ಅದೇ ಸಂತತಿ ಮುಂದೆ ಎಷ್ಟೋ ತಲೆಮಾರು ನಡೆಯಿತು. ಮರಿ ಸತ್ತ ತಕ್ಷಣ ತಳಿಯನ್ನೋ ತಾಯಿಯ ಗುಣವನ್ನೋ ದೂರುವವರಿಗೆಲ್ಲ ನಾನು ಇದನ್ನೇ ಹೇಳುತ್ತೇನೆ.

ಇಲಿಗೆಂದೇ ಮಾಡಿದ ಗುಳಿಗೆ ಆಹಾರ ಸಿಕ್ಕರೆ ಅದೇ ಒಳ್ಳೆಯದು. ಜೊತೆಗೆ ಬೇಯಿಸಿದ ಮೊಟ್ಟೆ, ಮೊಳಕೆ ಹೆಸರುಕಾಳು, ರಾಗಿ ಕೊಡಿ. ಹಾಲೂಡುವ ಇಲಿ ಮಾಮೂಲಿಗಿಂತ ಎರಡು ಮೂರು ಪಟ್ಟು ತಿನ್ನುತ್ತದೆ, ಅಳೆದು ಕೊಡಬೇಡಿ. ನೀರಿನ ಬಾಟಲಿಯನ್ನು ದಿನಾ ಬೆರಳಲ್ಲಿ ಒತ್ತಿ ನೋಡಿ. ತುದಿಯ ಗುಂಡು ಸಿಕ್ಕಿಕೊಂಡು ಒಂದು ರಾತ್ರಿ ನೀರು ನಿಂತರೂ ಹಾಲು ಬತ್ತುತ್ತದೆ.

ಎರಡನೆಯದು ಗಂಡು. ಇಲಿ ಮರಿ ಹಾಕಿದ ಒಂದು ದಿನದೊಳಗೇ ಮತ್ತೆ ಬೆದೆಗೆ ಬರುತ್ತದೆ. ಗಂಡು ಅದೇ ಬೋನಿನಲ್ಲಿದ್ದರೆ ಬಾಣಂತಿ ಅಂದೇ ಬಸಿರು. ನಿಮ್ಮಲ್ಲಿ ತಿಂಗಳೊಳಗೆ ಎರಡನೇ ಸೂಲು ಬಂದದ್ದು ಹೀಗೇ. ಮೊದಲ ಸೂಲಿನ ಸುಸ್ತು ಕಳೆಯುವ ಮೊದಲೇ ಅದು ಎರಡನೆಯದನ್ನು ಹೊತ್ತಿತ್ತು.

ಗೂಡಿನ ವಿಷಯವೂ ಇದೆ. ಮರಿಗೆ ಕಣ್ಣು ತೆರೆಯಲು ಎರಡು ವಾರ ಬೇಕು, ಅಲ್ಲಿಯವರೆಗೆ ಮೈ ಬೆಚ್ಚಗಿಟ್ಟುಕೊಳ್ಳಲೂ ಬರುವುದಿಲ್ಲ. ಸಣ್ಣ ರಟ್ಟಿನ ಪೆಟ್ಟಿಗೆ ಇಡಿ, ಟಿಶ್ಯೂ ಕಾಗದದ ಚೂರು ಹಾಕಿ. ಉಳಿದ ಕೆಲಸ ತಾಯಿ ಮಾಡುತ್ತದೆ. ಹತ್ತಿ ಬೇಡ, ಎಳೆ ಮರಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಮರದ ಮಿಲ್ಲಿನ ಹೊಟ್ಟೂ ಬೇಡ, ಧೂಳು ಮೂಗಿಗೆ ಹೋಗುತ್ತದೆ. ಬೇಸಿಗೆಯಲ್ಲಿ ಕೋಣೆ 30 ಡಿಗ್ರಿ ದಾಟಿದರೆ ತಾಯಿ ಮರಿ ಬಿಟ್ಟು ದೂರ ಮಲಗುತ್ತದೆ, ತಿನ್ನುವುದೂ ಕಡಿಮೆ. ಕಲಬುರಗಿ, ರಾಯಚೂರಿನವರು ಏಪ್ರಿಲ್-ಮೇನಲ್ಲಿ ಮರಿ ಮಾಡಿಸದಿರುವುದೇ ಲೇಸು. ಇರುವೆಯನ್ನಂತೂ ಮರೆಯಬೇಡಿ. ನಾನು ಬೆಳಗ್ಗೆ ಎದ್ದು ನೋಡಿದಾಗ ಗೂಡಿಗೆ ಕೆಂಪಿರುವೆ ಮುತ್ತಿದ್ದ ದಿನ ಇವತ್ತಿಗೂ ನೆನಪಿದೆ. ಅಂದಿನಿಂದ ಬೋನಿನ ಸ್ಟ್ಯಾಂಡಿನ ನಾಲ್ಕೂ ಕಾಲು ನೀರಿನ ಬಟ್ಟಲಲ್ಲೇ ಇರುತ್ತವೆ.

ಹತ್ತು ಹದಿನೈದು ದಿನ ಬದುಕಿ ಆಮೇಲೆ ಸಾಯುವ ಮರಿಗಳ ಕಥೆ ಬೇರೆ. ಅಲ್ಲಿ ಹೆಚ್ಚಾಗಿ ಉಸಿರಾಟದ ಕಾಯಿಲೆ ಇರುತ್ತದೆ, ಉಚ್ಚೆಯ ಘಾಟು ಅದನ್ನು ಇನ್ನೂ ಕೆರಳಿಸುತ್ತದೆ. ತಾಯಿ ಸೀನುತ್ತಿದ್ದರೆ, ಕಣ್ಣು ಮೂಗಿನ ಸುತ್ತ ಕೆಂಪು ಕಲೆ ಕಂಡರೆ ಪಶುವೈದ್ಯರಿಗೆ ತೋರಿಸಿ. ಅಂಥ ಇಲಿಯಿಂದ ಮರಿ ಮಾಡಿಸಬೇಡಿ.

ಈಗ ಇವತ್ತೇ ಮಾಡಬೇಕಾದ ಕೆಲಸ. ಎರಡನೇ ಸೂಲಿನ ದಿನವೂ ಗಂಡು ಜೊತೆಗೇ ಇತ್ತು, ಹಾಗಾಗಿ ನಿಮ್ಮ ಇಲಿ ಮತ್ತೆ ಬಸಿರಾಗಿರುವ ಸಾಧ್ಯತೆಯೇ ಜಾಸ್ತಿ. ಬಸಿರು 21ರಿಂದ 23 ದಿನ, ಹಾಲೂಡುವಾಗ ನಿಂತ ಬಸಿರಾದರೆ ಇನ್ನೂ ಕೆಲವು ದಿನ ಹೆಚ್ಚು. ಗಂಡನ್ನು ಬೇರೆ ಬೋನಿಗೆ ಹಾಕಿ. ಕೊನೆಯ ಸೂಲಿನ ದಿನದಿಂದ ಲೆಕ್ಕ ಹಾಕಿ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಮೊಟ್ಟೆ, ಕಾಳು ಇವತ್ತು ರಾತ್ರಿಯಿಂದಲೇ ಶುರುವಾಗಲಿ.